ಹತ್ತೂ ವಾಕ್ಯ ರಾಶಿಗೆ

ಹೆಂಚಿನ ಕಾರ್ಖಾನೆಯಲ್ಲಿ ಮಾಯಿಲಪ್ಪನದು ಹದಿನಾಲ್ಕು ವರ್ಷಗಳಿಂದ ಒಂದೇ ಕೆಲಸ. ಸುಟ್ಟು ಹೊರಬಂದ ಹೆಂಚನ್ನು ಎತ್ತಿ ಬೆರಳಿನ ಗೆಣ್ಣಿನಿಂದ ತಟ್ಟುವುದು. ಠಣ್ ಎಂದರೆ ಒಳ್ಳೆಯದು, ಬೊದ್ ಎಂದರೆ ಬಿರುಕು, ಬಿಸಾಡುವ ರಾಶಿಗೆ.

ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಮ್ಯಾನೇಜರರು, ಇಂಗ್ಲಿಷ್ ಪಾಸಾದ ಚೀಟಿ ತಂದರೆ ಮೇಸ್ತ್ರಿ ಮಾಡುತ್ತೇನೆ ಎಂದರು. ಅಂದಿನಿಂದ ಅವನ ಭಾನುವಾರದ ಮಧ್ಯಾಹ್ನಗಳೆಲ್ಲ ಇಗರ್ಜಿಯ ಪಕ್ಕದ ಕೋಣೆಗೆ, ಕ್ರಿಸ್ಟಿನ್ ಟೀಚರರ ಕ್ಲಾಸಿಗೆ ಹೋದವು.

ಪರೀಕ್ಷೆಯ ದಿನ ಟೀಚರು ಬೋರ್ಡಿನ ಮೇಲೆ ಹತ್ತು ತಪ್ಪು ವಾಕ್ಯ ಬರೆದರು. ಒಂದರಲ್ಲಿ ಕ್ರಿಯಾಪದ ಸೊಟ್ಟ, ಒಂದರಲ್ಲಿ ಕಾಮಾ ಇಲ್ಲ, ಇನ್ನೊಂದಕ್ಕೆ ಕೊನೆಯ ಚುಕ್ಕೆಯೇ ಇಲ್ಲ.

"ಬರೆದುಕೊಂಡು ಕರೆಕ್ಷನ್ ಮಾಡಿ. ಐದು ಸರಿಯಾದರೆ ಪಾಸ್."

ಎಲ್ಲರಿಗಿಂತ ಮೊದಲು ಎದ್ದವನು ಮಾಯಿಲಪ್ಪ. ಹಾಳೆ ನೋಡಿದ ಟೀಚರು ಕನ್ನಡಕ ತೆಗೆದು ಒರೆಸಿಕೊಂಡರು. ಹತ್ತು ವಾಕ್ಯಕ್ಕೂ ಈ ತುದಿಯಿಂದ ಆ ತುದಿಗೆ ದಪ್ಪ ಗೀಟು.

"ಎಂತ ಮಾರಾಯ್ರೆ ಇದು?"

"ಹತ್ತೂ ಕೆಟ್ಟದ್ದು ಟೀಚರೇ. ಒಂದನ್ನೂ ಬಿಡ್ಲಿಲ್ಲ."

ಬಂದರಿನ ಅಂಗಡಿಯ ಗುಮಾಸ್ತ ಜಮಾಲುದ್ದೀನ್ ಹಿಂದಿನ ಬೆಂಚಿನಿಂದ ನಕ್ಕ. "ಮಾಯಿಲಣ್ಣ, ಕಾರ್ಖಾನೆಯಲ್ಲಿ ಹೆಂಚು ಬಿಸಾಡಿದ್ದು ಸಾಲ್ಲಿಲ್ವಾ? ಇಲ್ಲಿ ಬಂದು ಇಂಗ್ಲಿಷೂ ಬಿಸಾಡುದಾ?"

ಮಾಯಿಲಪ್ಪನ ಮುಖ ಚಿಕ್ಕದಾಯಿತು. ಮೇಸ್ತ್ರಿಯ ಕೆಲಸ ಕೈಗೆ ಬಂದು ಜಾರುವುದು ಅವನಿಗೆ ಕಾಣುತ್ತಿತ್ತು. "ಬಿರುಕು ಬಿಟ್ಟ ಹೆಂಚನ್ನು ಯಾರು ರಿಪೇರಿ ಮಾಡ್ತಾರೆ ಟೀಚರೇ?"

"ಸುಟ್ಟ ಮೇಲೆ ಯಾರೂ ಮಾಡುದಿಲ್ಲ. ಹಸಿ ಇರುವಾಗ ಸೊಟ್ಟ ಕಂಡರೆ?"

"ಕೈಯಲ್ಲಿ ಒತ್ತಿ ಸರಿ ಮಾಡ್ತಾರೆ."

"ಹಾಗಾದರೆ ಕೂತ್ಕೊಳ್ಳಿ. ಇದು ಇನ್ನೂ ಹಸಿಯೇ ಉಂಟು. ಅರ್ಧ ಗಂಟೆ ಕೊಡ್ತೇನೆ, ಒತ್ತಿ."

ಅವನು ಒತ್ತಿದ. ಎಷ್ಟು ಒತ್ತಿದನೆಂದರೆ ಚುಕ್ಕೆ ಇಟ್ಟಲ್ಲೆಲ್ಲ ಕಾಗದ ತೂತಾಯಿತು. ಟೀಚರು ಹಾಳೆಯನ್ನು ಬೆಳಕಿಗೆ ಹಿಡಿದು, "ಫುಲ್‌ಸ್ಟಾಪ್ ಈ ಕಡೆಯಿಂದಲೂ ಕಾಣ್ತದೆ, ಆ ಕಡೆಯಿಂದಲೂ ಕಾಣ್ತದೆ" ಎಂದರು. ಜಮಾಲುದ್ದೀನ್ ಮತ್ತೆ ನಕ್ಕ. ಮಾಯಿಲಪ್ಪ ನಗಲಿಲ್ಲ, ಟೀಚರರ ಕೆಂಪು ಪೆನ್ಸಿಲನ್ನೇ ನೋಡುತ್ತ ನಿಂತ.

ಆರು ಸರಿ ಇದ್ದವು.

ಟೀಚರು ಅಲ್ಲೇ ಚೀಟಿ ಬರೆದು ಕೊಟ್ಟರು. ಮಾಯಿಲಪ್ಪ ಅದನ್ನು ಮಡಚಲಿಲ್ಲ, ಜೇಬಿಗೂ ಹಾಕಲಿಲ್ಲ. ಬಾಗಿಲ ಬಳಿ ಬೆಳಕಿಗೆ ಹೋಗಿ, ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದತೊಡಗಿದ.

"ಇನ್ನೆಂತ ಉಂಟು ಅದರಲ್ಲಿ?"

"ನಿಮ್ಮದನ್ನೂ ಒಮ್ಮೆ ನೋಡ್ತೇನೆ ಟೀಚರೇ. ಮ್ಯಾನೇಜರಿಗೆ ಕೊಡುದಲ್ವಾ?"

ಟೀಚರು ಸೊಂಟಕ್ಕೆ ಕೈಯಿಟ್ಟು ಕಾದರು. ಅವನು ಕೊನೆಯ ಸಾಲಿನವರೆಗೆ ಹೋಗಿ, ತಲೆ ಎತ್ತಿ, ಗಂಭೀರವಾಗಿಯೇ ಹೇಳಿದ:

"ಅಡ್ಡಿ ಇಲ್ಲ. ನೀವೂ ಪಾಸ್."