ಚುನಾವಣೆ ಮುಗಿಯುವ ತನಕ

ತೀರ್ಥೇಶನ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು, ಹಿಂದೆಯೇ ಅವನೂ ಕುಸಿದ. ಪಂಕ್ಚರ್ ಹಾಕಿಸಲು ಬಂದವರು ಹಿಡಿದು ಕೂರಿಸಿ, ಪಕ್ಕದ ಹೋಟೆಲಿನಿಂದ ಸಕ್ಕರೆ ನೀರು ತಂದು ಕುಡಿಸಿದರು. ಹೆಂಡತಿ ಸುಚಿತ್ರಾ ಓಡಿ ಬರುವಷ್ಟರಲ್ಲಿ ಅವನು ಏನೂ ಆಗಿಲ್ಲವೆಂಬಂತೆ ನಗುತ್ತಿದ್ದ. ಆ ನಗು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಹೊಸನಗರ ಪಟ್ಟಣ ಪಂಚಾಯಿತಿಗೆ ನಿಲ್ಲುವುದೆಂದು ತೀರ್ಮಾನವಾದ ದಿನ ಅವನು ಚೌಡಮ್ಮನ ಗುಡಿಯಲ್ಲಿ, ವಾರ್ಡಿನವರೆಲ್ಲರ ಎದುರು, ಚುನಾವಣೆ ಮುಗಿಯುವ ತನಕ ಮಧ್ಯಾಹ್ನ ಮಾತ್ರ ಉಣ್ಣುವುದು, ಒಪ್ಪತ್ತು, ಎಂದು ಹರಕೆ ಹೊತ್ತಿದ್ದ. ಹೆಚ್ಚೆಂದರೆ ಒಂದು ತಿಂಗಳ ಮಾತು ಎಂದುಕೊಂಡಿದ್ದ ಮಹಾರಾಯ. ಚುನಾವಣೆ ಮುಂದಕ್ಕೆ ಹಾಕಿ, ಮಳೆಗಾಲ ಕಳೆಯಲಿ ಎಂದರು. ಮಳೆಗಾಲ ಕಳೆಯಿತು, ಮೀಸಲಾತಿಯ ತಕರಾರು ಕೋರ್ಟಿಗೆ ಹೋಯಿತು. ಈಗ ಮಕ್ಕಳ ಪರೀಕ್ಷೆ ಮುಗಿಯಲಿ ಎನ್ನುತ್ತಿದ್ದಾರೆ. ಸರ್ಕಾರಕ್ಕೇನು, ಎರಡು ಹೊತ್ತೂ ಉಣ್ಣುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬರಿಹೊಟ್ಟೆಯಲ್ಲಿ ಮಲಗುವವನು ಇವನು.

ಇನ್ನೊಮ್ಮೆ ಹೀಗಾದರೆ, ಅದೂ ನಿದ್ದೆಯಲ್ಲಿ ಆದರೆ, ಎಬ್ಬಿಸುವುದು ಕಷ್ಟ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಸುಚಿತ್ರಾಳ ಮುಖ ನೋಡಿಯೇ ಹೇಳಿದರು. ದಾರಿಯುದ್ದಕ್ಕೂ ಅವಳು ಬೇಡಿಕೊಂಡಳು. ಅವನು ಜಗ್ಗಲಿಲ್ಲ.

"ದೇವ್ರ ಮುಂದೆ ಆಡಿದ್ ಮಾತು ಮುರಿದ್ರೆ, ನಾಳೆ ಯಾವ ಮುಖ ಇಟ್ಕಂಡು ವೋಟ್ ಕೇಳ್ಲಿ?"

"ವೋಟ್ ಕೇಳಕ್ಕೆ ನೀವ್ ಇರ್ಬೇಕಲ್ರೀ."

ಅವನನ್ನು ಮನೆಗೆ ಬಿಟ್ಟು ಅವಳು ಒಬ್ಬಳೇ ಗುಡಿಗೆ ಹೋದಳು. ಹೊತ್ತ ಹರಕೆಯನ್ನು ನಡುವೆ ಇಳಿಸುವಂತಿಲ್ಲ, ಬೇಕಾದರೆ ಅವನ ಬದಲಿಗೆ ಮನೆಯವರು ಯಾರಾದರೂ ಹೊರಬಹುದು ಎಂದರು ಪೂಜಾರಿ ಭೂತಪ್ಪ. ಹೇಳಿದ ಮೇಲೆ ಅವರಿಗೇ ಅಳುಕಾಯಿತು. ಚುನಾವಣೆ ಯಾವಾಗ ಅಂತ ಗೊತ್ತೇನಮ್ಮ ಎಂದು ಕೇಳಿದರು. ಗೊತ್ತಿಲ್ಲ ಎಂದು ಅವಳು ತೀರ್ಥಕ್ಕೆ ಕೈ ಚಾಚಿದಳು.

ಸಂಜೆ ದೀಪ ಹಚ್ಚಿದ ಮೇಲೆ ಬಿಸಿ ಅನ್ನ, ಬಸಳೆ ಸಾರು ಬಡಿಸಿ ತಟ್ಟೆಯನ್ನು ಅವನ ಮುಂದೆ ಇಟ್ಟಳು.

"ಉಣ್ಣಿ. ನಿಮ್ ಒಪ್ಪತ್ತು ನಾನ್ ಹೊತ್ಕಂಡ್ ಬಂದೀನಿ."

ಅವನು ಗೋಡೆಯ ಕಡೆ ತಿರುಗಿ ಕುಳಿತ. ಹುಚ್ಚು ಹಿಡಿದಿದೆಯಾ ಎಂದು ಬೈದ. ಅವಳು ಕದಲಲಿಲ್ಲ. ಚೌಡಮ್ಮನ ಎದುರು ಆಡಿದ ಮಾತು ಈಗ ಅವಳದೂ ಆಗಿತ್ತು. ಅದನ್ನು ಮುರಿಯೆಂದು ಹೇಳುವ ಬಾಯಿ ಅವನಿಗಿರಲಿಲ್ಲ. ಕೊನೆಗೆ ಮಾತ್ರೆ ನುಂಗಿ ಅನ್ನ ಕಲಸಿದ.

ಸುಚಿತ್ರಾ ಎದ್ದು ತನ್ನ ತಟ್ಟೆಯನ್ನು ಸೆರಗಿನಿಂದ ಒರೆಸಿ, ಗೂಡಿನಲ್ಲಿ ಬೋರಲು ಹಾಕಿದಳು. ಅವನ ತುತ್ತು ಕೈಯಲ್ಲೇ ಉಳಿಯಿತು.

"ತಣ್ಣಗಾಗ್ತದೆ," ಅಂದಳು.