ಫೂಮಿಯೆ ಕೀಸಿದ ಹಲಗೆಗಳು

ಸಿಟ್ಟು ಬಂದಾಗ ಫೂಮಿಯೆ ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದಳು. ಎದುರಿಗಿದ್ದವರು ಮುಂದಕ್ಕೆ ಬಾಗಿ ಆಲಿಸಬೇಕಾಗುತ್ತಿತ್ತು.

ನಾಟಿಂಗ್‌ಹ್ಯಾಮಿನ ನನ್ನ ಕ್ಲಿನಿಕ್ಕಿಗೆ ಅವಳು ಬಂದದ್ದು 2012ರಲ್ಲಿ, ಸವೆದುಹೋದ ಹೆಬ್ಬೆರಳ ಕೀಲಿನ ನೋವಿಗಾಗಿ. ಕ್ಯೋಟೋದಲ್ಲಿ ಹದಿನೆಂಟನೆಯ ವಯಸ್ಸಿಗೇ ಉಳಿ ಹಿಡಿದವಳು. ಗಂಡ ಆಲನ್ ಇಲ್ಲಿನ ಕಾಲುವೆ, ಸೇತುವೆ, ಟ್ರಾಮುಗಳ ಚಿತ್ರ ಬರೆಯುತ್ತಿದ್ದ. ಅದರ ನಕಲನ್ನು ಚೆರ್ರಿ ಮರದ ಹಲಗೆಗೆ ಅಂಟಿಸಿ ಕೆತ್ತಿ, ಬಣ್ಣಕ್ಕೊಂದು ಹಲಗೆ ಮಾಡಿ, ತೇವದ ಕಾಗದವಿಟ್ಟು ಕೈಯಿಂದಲೇ ಉಜ್ಜಿ ಅಚ್ಚು ತೆಗೆಯುವವಳು ಇವಳು. ಟ್ರಾಮ್ ತಂತಿಯ ಒಂದು ಗೆರೆ ಕೂದಲೆಳೆಯಂತೆ ಉಬ್ಬಿ ನಿಲ್ಲಬೇಕಾದರೆ ಅದರ ಇಕ್ಕೆಲದ ಮರವನ್ನೆಲ್ಲ ಉಸಿರು ಬಿಗಿಹಿಡಿದು ತೆಗೆಯಬೇಕು. "ಕೈಗೆ ವಿಶ್ರಾಂತಿ ಕೊಡಿ" ಎಂದಿದ್ದಕ್ಕೆ, "ಕೊಟ್ಟರೆ ಆಲನ್ ಏನು ಮಾಡುತ್ತಾನೆ?" ಎಂದಿದ್ದಳು.

2015ರಲ್ಲಿ ಊರಿನ ಗ್ಯಾಲರಿಯೊಂದು ಆ ಚಿತ್ರಗಳ ಪ್ರದರ್ಶನ ಏರ್ಪಡಿಸಿತು; ಮೊದಲ ದಿನ ನಾನೂ ಹೋಗಿದ್ದೆ. ಒಂದೊಂದರ ಕೆಳಗೂ ಆಲನ್‌ನ ಹೆಸರು ಮಾತ್ರ. ಫೂಮಿಯೆ ಕೇಳಿದಾಗ ಅಲ್ಲಿನ ಅಧಿಕಾರಿ ನಗುತ್ತಲೇ, "ತಾಂತ್ರಿಕ ನೆರವು ನೀಡಿದವರಿಗೆ ಕೊನೆಯ ಪುಟದಲ್ಲಿ ಕೃತಜ್ಞತೆ ಹೇಳಿದ್ದೇವಲ್ಲ" ಎಂದ. ಹೌದು, ಹೇಳಿದ್ದರು: ಚೌಕಟ್ಟು ಹಾಕಿದವರಿಗೂ ವೈನ್ ಒದಗಿಸಿದವರಿಗೂ ನಡುವೆ. ಆಲನ್ ಕೈಯಲ್ಲಿದ್ದ ಗ್ಲಾಸನ್ನೇ ನೋಡುತ್ತ ನಿಂತಿದ್ದ. ನಾನಾದರೂ ಏನು ಮಾಡಿದೆ? ಅವಳ ಮೊಣಕೈ ಹಿಡಿದು, "ಬಿಡಿ ಫೂಮಿಯೆ, ಇವತ್ತು ಬೇಡ" ಎಂದೆ.

"ಇವನ ಚಿತ್ರ ಕೆತ್ತತೊಡಗಿ ಇಪ್ಪತ್ತಾರು ವರ್ಷ ಆಯಿತು, ಡಾಕ್ಟರ್," ಎಂದಳು, ಕೇಳಿಸುವಷ್ಟೇ ದನಿಯಲ್ಲಿ. "ಇನ್ನು ಯಾವತ್ತು?"

ಮನೆಯಲ್ಲಿ ನನ್ನವರು, ಲಕ್ಷ್ಮೀನಾರಾಯಣ, "ಒಂದು ಲೇಬಲ್‌ಗೋಸ್ಕರ ಇಷ್ಟೊಂದು ಸಿಟ್ಟಾ ಕಣೇ?" ಎಂದರು.

"ನಿಮ್ಮ ರಿಸರ್ಚ್ ಪೇಪರು ನಿಮ್ಮ ಹೆಸರೇ ಇಲ್ದೆ ಪಬ್ಲಿಷ್ ಆದ್ರೆ ಸುಮ್ನಿರ್ತೀರೇನ್ರೀ?" ಎಂದೆ.

ಮೂರು ವಾರದ ನಂತರ, ಇನ್ನಷ್ಟು ಪ್ರತಿ ಅಚ್ಚು ಹಾಕಿಸಲು ಹಲಗೆಗಳನ್ನು ಒಯ್ಯಲೆಂದು ಗ್ಯಾಲರಿಯ ವ್ಯಾನು ಫೂಮಿಯೆಯ ಮನೆಗೆ ಬಂತು. ನೂರಿಪ್ಪತ್ತು ಹಲಗೆಗಳೂ ಬೋಳಾಗಿದ್ದವು. ಆ ಹೆಬ್ಬೆರಳಿನಿಂದಲೇ ಒಂಬತ್ತು ದಿನ ಕೀಸುಳಿ ತಳ್ಳಿ ಒಂದೊಂದನ್ನೂ ನುಣುಪಾಗಿಸಿಬಿಟ್ಟಿದ್ದಳು. "ನನ್ನ ಜೀವಮಾನದ ಕೆಲಸ!" ಎಂದು ಆಲನ್ ಅತ್ತನಂತೆ. "ನೀನು ಬರೆದ ಮೂಲ ಚಿತ್ರಗಳು ಪೆಟ್ಟಿಗೆಯಲ್ಲಿವೆ, ಒಂದನ್ನೂ ಮುಟ್ಟಿಲ್ಲ. ಅಳಿಸಿದ್ದು ನನ್ನದನ್ನು" ಎಂದು ಹೇಳಿ, ಹಲಗೆಗಳೊಂದಿಗೆ ಲೀಡ್ಸ್‌ಗೆ ಹೊರಟುಹೋದಳು.

ಅಲ್ಲಿ ಆ ಹಲಗೆಗಳ ಮೇಲೆ ತನ್ನದೇ ಚಿತ್ರ ಬರೆದು, ಕೆತ್ತಿ, ಅಚ್ಚು ಹಾಕತೊಡಗಿದಳು. ಕೀಲು ಪೂರ್ತಿ ಕೆಟ್ಟಿತ್ತು. ಮೂರು ವರ್ಷದಲ್ಲಿ ಮುಗಿದದ್ದು ಎರಡೇ ಚಿತ್ರ. ನೋಡಲು ಹೋದಾಗ ಗದರಿದೆ. "ನೋವಿದೆ," ಎಂದಳು, "ಪಶ್ಚಾತ್ತಾಪವಿಲ್ಲ."

ಕೈಕಸುಬಿನವರ ತಾಳ್ಮೆಯನ್ನು ಕೊಂಡಾಡುವುದೆಂದರೆ ನಮಗೆ ಬಲು ಪ್ರೀತಿ. ಆ ತಾಳ್ಮೆಯನ್ನು ಅವರು ಮೀಸಲಿಟ್ಟಿರುವುದು ಮರಕ್ಕೆ, ಕಾಗದಕ್ಕೆ, ಬಣ್ಣಕ್ಕೆ. ನಮ್ಮ ಅನ್ಯಾಯಕ್ಕೂ ಅದರಲ್ಲಿ ಪಾಲಿದೆಯೆಂದು ನಾವು ನಾವೇ ನಿರ್ಧರಿಸಿಕೊಂಡು ಕೂತಿದ್ದೇವೆ.