ರಂಗೋಲಿ ಪುಡಿಯ ಮನೆ

"ಇನ್ನೊಂಚೂರು ಆ ಕಡೀಕೆ ಎಳೀರಮ್ಮ, ಗೋಡೆ ಸೊಟ್ಟ ಆಗ್ತೈತೆ," ಎಂದ ಮೇಸ್ತ್ರಿ ಯತ್ತಪ್ಪ.

ಜಗದಾಂಬ ಬಗ್ಗಿಕೊಂಡೇ, ಬೆರಳ ಸಂದಿಯಿಂದ ರಂಗೋಲಿ ಪುಡಿ ಬಿಡುತ್ತಾ ಹಿಂದಕ್ಕೆ ಸರಿದಳು. ಕಡಲೇಕಾಯಿ ಒಣಗಿಸುವ ಕಣದ ನೆಲದ ಮೇಲೆ ಅಡುಗೆಮನೆಯ ನಾಲ್ಕು ಗೋಡೆಗಳ ಗೆರೆಯೂ ಮುಗಿಯಿತು.

ಯತ್ತಪ್ಪನಿಗೆ ಕಾಗದದ ಮೇಲಿನ ನಕ್ಷೆ ಎಂದರೆ ಆಗದು. ಹುಲಿಕುಂಟೆಯಿಂದ ತಾವರೆಕೆರೆಯವರೆಗೆ ಅವನು ಒಪ್ಪಿಕೊಂಡ ಮನೆಗಳೆಲ್ಲ ಮೊದಲು ಹೀಗೆ ಬಯಲಲ್ಲಿ, ಅಳತೆಗೆ ಸರಿಯಾಗಿ, ನೆಲದ ಮೇಲೆ ಮೂಡಬೇಕು. ಮನೆಯವರು ಅದರೊಳಗೆ ಓಡಾಡಿ ಹೂಂ ಅನ್ನಬೇಕು. ಛಾಪಾ ಕಾಗದಕ್ಕೆ ರುಜು ಆಮೇಲೆ. ಗೆರೆ ಎಳೆಯಲು ಜಗದಾಂಬಳನ್ನು ಕರೆದವನು ಮನೆ ಕಟ್ಟಿಸುತ್ತಿದ್ದ ಅವಳ ತಮ್ಮ ನಾಗಲಿಂಗಯ್ಯ. ಅಕ್ಕನ ಗೆರೆ ನೂಲು ಹಿಡಿದ ಹಾಗೆ ಎಂದು ಹೊಗಳಿಯೂ ಇದ್ದ. ಕೆಲಸವಿದ್ದಾಗ ಹೊಗಳುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ಗಂಡ ಇನ್ನೊಂದು ಮದುವೆಯಾದ ಮೇಲೆ ತವರಿಗೆ ಬಂದವಳು ಜಗದಾಂಬ. ಹಾಸಿಗೆ ಹಿಡಿದ ತಾಯಿಯನ್ನು ನಡುಕೋಣೆಯಲ್ಲಿ ನೋಡಿಕೊಂಡಳು, ತಾಯಿ ಹೋದ ಮೇಲೆ ಆ ಕೋಣೆಯಲ್ಲೇ ಉಳಿದಳು. ಬಾಗಿಲು ಹಾಕಿಕೊಂಡರೆ ಯಾರೂ ಏನೂ ಕೇಳದ ಜಾಗ ಅವಳ ಪಾಲಿಗೆ ಅದೊಂದೇ. ಮಣ್ಣಿನ ಮಾಳಿಗೆಯ ಮನೆ ಕೆಡವಿ ಸಿಮೆಂಟಿನ ಮೌಲ್ಡ್ ಮನೆ ಕಟ್ಟಿಸುತ್ತಾರೆ ಎಂದಾಗ ಅವಳೂ ಹಿಗ್ಗಿದ್ದಳು. ತನ್ನ ಕೋಣೆಗೊಂದು ಕಿಟಕಿ ಕೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು.

ಪಡಸಾಲೆ ಮೂಡಿತು. ದೇವರಮನೆ, ಗಂಡಹೆಂಡಿರ ಕೋಣೆ, ಮಗನ ಓದಿಗೊಂದು ಕೋಣೆ, ಮೇಲಕ್ಕೆ ಹೋಗುವ ಮೆಟ್ಟಿಲು. ಅದರ ಪಕ್ಕಕ್ಕೆ ಸ್ಕೂಟರಿನ ಜಾಗ. ಸ್ಕೂಟರ್ ಇನ್ನೂ ಬಂದಿರಲಿಲ್ಲ. ಎಂಬತ್ತರಲ್ಲಿ ಬುಕ್ ಮಾಡಿದ್ದು, ಈಗ ಎಂಬತ್ತಮೂರು; ಇನ್ನೆಷ್ಟು ವರ್ಷವೋ ಶಿವನೇ ಬಲ್ಲ. ಆದರೂ ಅದಕ್ಕೊಂದು ಬಾಗಿಲು, ಎರಚಲು ಹೊಡೆಯದಂತೆ ಸಜ್ಜ, ಎಲ್ಲ ಇತ್ತು. ಜಗದಾಂಬ ಅದಕ್ಕೂ ನೇರವಾಗಿಯೇ ಗೆರೆ ಎಳೆದು, ಬಟ್ಟಲು ಹಿಡಿದು ಕಾದು ನಿಂತಳು.

"ಆಯ್ತಲ್ಲ ಮೇಸ್ತ್ರಿ, ಕಾಗದ ತೆಗಿ," ಎಂದ ಹೆಂಡತಿ ಬಸವಮ್ಮನೊಂದಿಗೆ ಗೆರೆಗಳೊಳಗೆಲ್ಲ ಓಡಾಡಿ ಬಂದ ನಾಗಲಿಂಗಯ್ಯ.

"ನನ್ನ ಕೋಣೆ ಎಲ್ಲಿ ಬರ್ತದೆ ನಾಗ?" ಎಂದಳು ಜಗದಾಂಬ.

ನಾಗಲಿಂಗಯ್ಯ ಹೆಂಡತಿಯ ಮುಖ ನೋಡಿದ. "ನೀವೊಬ್ರೇ ಅಲ್ವಾ ಅತ್ತಿಗೆ? ಪಡಸಾಲೇಲಿ ಎಲ್ಲಿ ಬೇಕಾದ್ರೂ ಮಲಗ್ಬೋದು. ಮನೆಯೆಲ್ಲಾ ನಿಮ್ದೇ," ಎಂದಳು ಬಸವಮ್ಮ.

ಜಗದಾಂಬ ಜೋಡಿಸಿಟ್ಟುಕೊಂಡ ಮಾತು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಯತ್ತಪ್ಪ ತಲೆ ಕೆರೆದುಕೊಂಡ. "ಮೆಟ್ಲು ಕೆಳಗೆ ಜಾಗ ಐತೆ ಯಜಮಾನ್ರೇ. ಸಾಮಾನಿಗೆ ಅಂತ ಬುಟ್ಟಿದೀನಿ. ಒಂದು ಬಾಗ್ಲು ಇಕ್ಕಿದ್ರೆ ಅದೂ ಕೋಣೇನೇ."

"ಹಂಗೇ ಬರಿ."

ಅಕ್ಕನಿಗೂ ಒಂದು ಕೋಣೆ ಆಯಿತೆಂಬ ನೆಮ್ಮದಿಯಲ್ಲಿ ನಾಗಲಿಂಗಯ್ಯ ಕರಾರಿನ ಕೆಳಗೆ ರುಜು ಹಾಕಿದ. ಯತ್ತಪ್ಪ ನಿಧಾನವಾಗಿ ಅಕ್ಷರ ಕೂಡಿಸಿ ತನ್ನದನ್ನೂ ಹಾಕಿದ. "ಸಾಕ್ಷಿಗೊಬ್ರು ಬೇಕಲ್ಲ," ಎಂದ.

"ಅಕ್ಕ ಇದ್ದಾಳಲ್ಲ. ಬಾರಕ್ಕ, ಇಲ್ಲೊಂದು ಹೆಸರು ಹಾಕು."

"ಹಾಕ್ತೀನಿ. ನೀವೆಲ್ಲಾ ಓಡಾಡಿ ನೋಡಿದ್ರಿ. ನಾನೂ ನೋಡ್ಬುಡ್ತೀನಿ, ತಡಿ."

ಬಟ್ಟಲು ಕೆಳಗಿಟ್ಟು ಅವಳು ಮೆಟ್ಟಿಲ ಕೆಳಗಿನ ಜಾಗಕ್ಕೆ ನಡೆದಳು. ಸೆರಗು ಸರಿಮಾಡಿಕೊಂಡು ನೆಲದ ಮೇಲೆ ಉದ್ದಕ್ಕೆ ಮಲಗಿದಳು. ತಲೆ ಈ ಕಡೆಯ ಗೆರೆಗೆ ತಾಕಿತು. ಪಾದಗಳೆರಡೂ ಆ ಕಡೆಯ ಗೆರೆ ದಾಟಿ ಸ್ಕೂಟರಿನ ಜಾಗದಲ್ಲಿದ್ದವು.

"ಏಳಕ್ಕ, ಬೀದಿಯವರು ನೋಡ್ತಾರೆ." ನಾಗಲಿಂಗಯ್ಯನಿಗೆ ನಾಚಿಕೆಯಾಗಿತ್ತು, ಬೀದಿಯವರು ನೋಡುತ್ತಾರೆಂದು ಮಾತ್ರ.

ಯತ್ತಪ್ಪ ಯಾರ ಮುಖವನ್ನೂ ನೋಡದೆ ಹಿಡಿ ಪುಡಿ ತೆಗೆದುಕೊಂಡು ಅವಳ ಪಾದಗಳ ಆಚೆಗೆ ಹೊಸ ಗೆರೆ ಎಳೆದ. "ಒಂದು ಗೇಣು ಯಜಮಾನ್ರೇ. ಅದ್ರಲ್ಲೇನೂ ಹೋಗಲ್ಲ."

"ಸ್ಕೂಟರ್ ತಿರುಗಿಸೋಕೆ ಜಾಗ ಬೇಡ್ವೇನಯ್ಯ?"

ನಾಗಲಿಂಗಯ್ಯ ಚಪ್ಪಲಿಯಲ್ಲಿ ಆ ಗೆರೆಯನ್ನು ಉಜ್ಜಿ ಅಳಿಸಿದ.

ಜಗದಾಂಬ ಮಗ್ಗುಲಿಗೆ ಹೊರಳಿ, ಮೊಣಕಾಲು ಮಡಿಚಿ, ಪಾದಗಳನ್ನು ಗೆರೆಯ ಒಳಕ್ಕೆ ಎಳೆದುಕೊಂಡಳು.

"ಈಗ ಸರಿಹೋಯ್ತು," ಎಂದು ಮಲಗಿದಲ್ಲಿಂದಲೇ ಕೈ ಚಾಚಿದಳು. "ಪೆನ್ನು ಕೊಡಪ್ಪ ಮೇಸ್ತ್ರಿ."